ಹಿಪ್ ರಿಪ್ಲೇಸ್‌ಮೆಂಟ್ ಆಗಿ ನಾಲ್ಕು ವರ್ಷ: ನೋವು ವಾರದಲ್ಲಿ ಹೋಯಿತು, ಕುಂಟು ಅಷ್ಟು ಬೇಗ ಹೋಗಲಿಲ್ಲ

ಬಲಗಡೆ ಸೊಂಟದ ಕೀಲು ಬದಲಿಸಿ ಈ ಯುಗಾದಿಗೆ ನಾಲ್ಕು ವರ್ಷ ತುಂಬಿತು. ರಕ್ತ ಓಡಾಟ ನಿಂತು ತೊಡೆಮೂಳೆಯ ತಲೆ ಕುಸಿದಿತ್ತು, ಡಾಕ್ಟರು ಎವಿಎನ್ ಅಂದರು. ಹಾಕಿದ್ದು ಸಿಮೆಂಟ್ ಇಲ್ಲದ ಟೈಟಾನಿಯಂ ಕಾಂಡ, ಸೆರಾಮಿಕ್ ಗುಂಡು, ಅದು ಕೂರುವ ಬಟ್ಟಲಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಒಳಪದರ. ಕೀಲಿಗೆ ಐದಕ್ಕೆ ಐದು. ತಕರಾರು ಏನಿದ್ದರೂ ನಡಿಗೆಯದು.

ಆಪರೇಷನ್ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಹೊಲಿಗೆ ಉರಿಯುತ್ತಿತ್ತು, ಆದರೆ ಆ ಹಳೇ ಕೊರೆಯುವ ನೋವು ಮಾಯ. ಇನ್ನೇನು, ನೆಟ್ಟಗೆ ನಡೆಯುತ್ತೇನೆ ಅಂದುಕೊಂಡೆ. ಎಲ್ಲಿ! ಮೂರು ವರ್ಷ ನೋವು ತಪ್ಪಿಸಲು ವಾಲಿ ವಾಲಿ ನಡೆದಿದ್ದೆನಲ್ಲ, ಸೊಂಟದ ಪಕ್ಕದ ಸ್ನಾಯು ಸೊರಗಿಹೋಗಿತ್ತು. ಬಲಗಾಲಿನ ಮೇಲೆ ಭಾರ ಬಿದ್ದ ಕೂಡಲೇ ಎಡಸೊಂಟ ಕೆಳಗೆ ಜಾರುತ್ತಿತ್ತು, ಅದನ್ನು ತಡೆಯಲು ಮೈ ಬಲಕ್ಕೆ ವಾಲುತ್ತಿತ್ತು. ಇದಕ್ಕೆ ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಸರ್ಜನ್ನರ ಹೆಸರಿದೆ. ನಮ್ಮ ಮನೆಯಲ್ಲಿ ಬಾತುಕೋಳಿ ನಡಿಗೆ ಅಂತಿದ್ದರು.

ಅಷ್ಟು ದುಡ್ಡು ತೆಗೆದುಕೊಂಡ ಆಸ್ಪತ್ರೆ ಇದರ ಬಗ್ಗೆ ಕೊಟ್ಟಿದ್ದು ಒಂದು ಜೆರಾಕ್ಸ್ ಹಾಳೆ. ಕಲಿಸಿದ್ದೆಲ್ಲ ಆಮೇಲೆ ನಾನೇ ಹುಡುಕಿಕೊಂಡ ಫಿಸಿಯೋ. ಕೋಲನ್ನು ನಾನು ಬಲಗೈಯಲ್ಲೇ ಹಿಡಿಯುತ್ತಿದ್ದೆ. ಸಿನಿಮಾದಲ್ಲಿ ಎಲ್ಲರೂ ನೋವಿರುವ ಕಡೆಯೇ ಹಿಡಿಯುತ್ತಾರೆ, ಅಲ್ವಾ? ಅದು ಎಡಗೈಯಲ್ಲಿರಬೇಕು. ಆಗ ಸೊರಗಿದ ಸ್ನಾಯುವಿನ ಸಾಕಷ್ಟು ಕೆಲಸ ಕೋಲೇ ಮಾಡುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ಬಲಗಾಲು ಉದ್ದ ಆಗಿದೆ ಅಂತ ಬೇರೆ ಅನುಮಾನ. ಎಡಚಪ್ಪಲಿಯೊಳಗೆ ರಟ್ಟು ಮಡಚಿ ಇಟ್ಟುಕೊಂಡಿದ್ದೆ. ಫಿಸಿಯೋ ಬೈದು ತೆಗೆಸಿದರು. ಮಲಗಿಸಿ ಟೇಪು ಹಿಡಿದರೆ ಎರಡೂ ಹೆಚ್ಚುಕಡಿಮೆ ಸಮ! ಬಿಗಿದುಕೊಂಡ ಸ್ನಾಯುಗಳು ಸೊಂಟವನ್ನೇ ಓರೆ ಮಾಡಿದ್ದವಂತೆ. ನಾಲ್ಕನೇ ತಿಂಗಳ ಹೊತ್ತಿಗೆ ಆ ಅನುಮಾನ ತಾನಾಗಿಯೇ ಹೋಯಿತು. ಎಲ್ಲರಿಗೂ ಹಾಗಲ್ಲ, ಕೆಲವರಿಗೆ ನಿಜವಾಗಿಯೂ ವ್ಯತ್ಯಾಸ ಉಳಿಯುತ್ತದೆ. ಅದಕ್ಕೇ ಅಳೆಸದೆ ಸುಮ್ನೆ ರಟ್ಟು ಇಡಬೇಡಿ.

ಕುಂಟು ಹೋಗಲು ಹತ್ತು ತಿಂಗಳು ಬೇಕಾಯಿತು. ದಿನಾ ಎಡಕ್ಕೆ ಮಗ್ಗುಲಾಗಿ, ಕಾಲುಗಳ ನಡುವೆ ದಿಂಬಿಟ್ಟು, ಬಲಗಾಲು ಎತ್ತುವುದು. ಬೋರು ಹೊಡೆಸುವ ಕೆಲಸ. ನಡುವೆ ಹದಿನೈದು ದಿನ ಬಿಟ್ಟೆ, ವಾಲಾಟ ಮತ್ತೆ ಶುರು. ಹಜಾರದಲ್ಲಿ ನಡೆಯುವಾಗ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಒಂದು ಹೆಜ್ಜೆ ಜೋರು, ಒಂದು ಮೆಲ್ಲಗೆ ಕೇಳಿಸ್ತಿದೆ!"

ಈಗ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ಆರಾಮಾಗಿ ನಡೆಯುತ್ತೇನೆ. ಮದುವೆ ಮನೆಯಲ್ಲಿ ಟೇಬಲ್ ಊಟ, ನೆಲದ ಪಂಕ್ತಿ ಇಲ್ಲ. ಮೆಟ್ರೋ ಗೇಟು ಕಿರುಚುತ್ತದೆ, ರೂಢಿಯಾಗಿದೆ. ತುಂಬಾ ಸುಸ್ತಾದ ಸಂಜೆ ಮೈ ಇನ್ನೂ ಒಂಚೂರು ಬಲಕ್ಕೆ ವಾಲುತ್ತದೆ. ಮೊದಲೆಲ್ಲ ನನ್ನ ಬಲಚಪ್ಪಲಿಯ ಹಿಮ್ಮಡಿ ಆರು ತಿಂಗಳಿಗೇ ಒಂದು ಕಡೆ ಕರಗಿಹೋಗುತ್ತಿತ್ತು. ಕಳೆದ ತಿಂಗಳು ಪಟ್ಟಿ ಹೊಲಿಸಲು ಕೊಟ್ಟಾಗ ಜೋಡಿಯನ್ನು ತಿರುಗಿಸಿ ನೋಡಿದೆ. ಬಲದ್ದು ಈಗಲೂ ಜಾಸ್ತಿಯೇ ಸವೆದಿದೆ, ಆದರೆ ಬೆರಳಾಡಿಸಿದರಷ್ಟೇ ಗೊತ್ತಾಗುವಷ್ಟು.