ನೆಟ್‌ಗೆ ಯಾವ ಟೆಕ್ಸ್ಟ್ ಮೋಡ್? ಎಫ್‌ಎಲ್‌ಡಿಜಿ ವರ್ಷಗಟ್ಟಲೆ ಬಳಸಿದ ಮೇಲೆ

ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳ ರೇಡಿಯೊದಲ್ಲಿ, ಹಲವರು ಒಟ್ಟಿಗೆ ಸೇರಿ ಸರದಿಯಂತೆ ಮಾತಾಡುವುದನ್ನು ನೆಟ್ ಅನ್ನುತ್ತೇವೆ. ಮಾತನ್ನು ಟೈಪ್ ಮಾಡಿ ಕಳಿಸುವ ಟೆಕ್ಸ್ಟ್ ನೆಟ್ ನಡೆಸುವುದಕ್ಕೆ ನಾನು ವರ್ಷಗಳಿಂದ ಎಫ್‌ಎಲ್‌ಡಿಜಿ ಎಂಬ ಸಾಫ್ಟ್‌ವೇರನ್ನೇ ನೆಚ್ಚಿಕೊಂಡಿದ್ದೇನೆ. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಹಳೆಯ ಲ್ಯಾಪ್‌ಟಾಪ್ ಇದ್ದರೂ ಸಾಕು. ಆದರೆ ಅದರ ಮೆನು ತೆರೆದರೆ ಹತ್ತಾರು ಮೋಡ್‌ಗಳು, ಅಂದರೆ ಅಕ್ಷರಗಳನ್ನು ಸದ್ದಾಗಿಸಿ ಕಳಿಸುವ ಬೇರೆ ಬೇರೆ ವಿಧಾನಗಳು. ಹೊಸಬರು ಅಲ್ಲೇ ಗೊಂದಲಕ್ಕೆ ಬೀಳುತ್ತಾರೆ.

ಇಬ್ಬರೇ ಮಾತಾಡುವಾಗ ಯಾವ ಮೋಡ್ ಆದರೂ ನಡೆಯುತ್ತದೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿದರಾಯಿತು. ನೆಟ್ ಹಾಗಲ್ಲ. ಒಬ್ಬರ ಹತ್ತಿರ ದೊಡ್ಡ ಬೀಮ್ ಆಂಟೆನಾ ಇರುತ್ತದೆ, ಇನ್ನೊಬ್ಬರ ಹತ್ತಿರ ಒಂದು ತಂತಿ ಮಾತ್ರ. ಆ ತಂತಿಯವರ ಮಾತು ಎಲ್ಲರಿಗೂ ಮುಟ್ಟಬೇಕು. ನಾನು ಮೋಡ್ ಆರಿಸುವುದು ಅವರನ್ನು ನೋಡಿಕೊಂಡೇ.

ಹೆಚ್ಚಿನವರು ಮೊದಲು ಕಲಿಯುವುದು ಪಿಎಸ್‌ಕೆ31. 1998ರಲ್ಲಿ ಪೀಟರ್ ಮಾರ್ಟಿನೆಜ್ ಕೊಟ್ಟ ಮೋಡ್ ಇದು. ಸಿಗ್ನಲ್‌ಗಳನ್ನು ಸ್ಕ್ರೀನ್ ಮೇಲೆ ತೋರಿಸುವ ವಾಟರ್‌ಫಾಲ್‌ನಲ್ಲಿ ತೆಳು ಗೆರೆಯಷ್ಟೇ ಜಾಗ, ನಿಮಿಷಕ್ಕೆ 50 ಪದಗಳ ವೇಗ. ಹರಟೆಗೆ ಇವತ್ತಿಗೂ ಸೊಗಸು. ಆದರೆ ಇದರಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಸಿಗ್ನಲ್ ಒಂದು ಕ್ಷಣ ಬಿದ್ದರೆ ಅಕ್ಷರ ಹೋಯಿತು. ಹೋದ ಜಾಗವನ್ನು ಖಾಲಿ ಬಿಡುವುದೂ ಇಲ್ಲ, ಇ, ಟಿ, ಒ ಅಂತ ಸಂಬಂಧವಿಲ್ಲದ ಅಕ್ಷರಗಳನ್ನು ಉದುರಿಸುತ್ತದೆ. ಜಾಸ್ತಿ ಬಳಕೆಯ ಅಕ್ಷರಗಳಿಗೆ ಚಿಕ್ಕ ಕೋಡ್ ಕೊಟ್ಟಿರುವುದರಿಂದ ಬರೀ ಗದ್ದಲವೂ ಅವುಗಳಂತೆಯೇ ಕಾಣುತ್ತದೆ. ವಾಕ್ಯದಲ್ಲಿ ಒಂದಕ್ಷರ ಕೆಟ್ಟರೆ ಊಹಿಸಬಹುದು. ಕಾಲ್‌ಸೈನ್‌ನಲ್ಲಿ, ಅಂದರೆ ಪ್ರತಿ ಹ್ಯಾಮ್‌ಗೂ ಇರುವ ಗುರುತಿನ ಅಕ್ಷರ-ಅಂಕಿಗಳಲ್ಲಿ, ಕೆಟ್ಟರೆ ಏನಂತ ಊಹಿಸುವುದು? ಲ್ಯಾಪ್‌ಟಾಪ್‌ನಿಂದ ರೇಡಿಯೊಗೆ ಆಡಿಯೊ ಸ್ವಲ್ಪ ಜಾಸ್ತಿ ಕೊಟ್ಟರಂತೂ ಸಿಗ್ನಲ್ ಅಕ್ಕಪಕ್ಕಕ್ಕೆ ಹರಡಿ ಬೇರೆಯವರಿಗೂ ತೊಂದರೆ.

ದೂರದೂರಕ್ಕೆ ಮುಟ್ಟುವ ಎಚ್‌ಎಫ್ ತರಂಗಗಳಲ್ಲಿ ನಾನು ಬಂದು ನಿಂತಿರುವುದು ಒಲಿವಿಯಾ 8/500ರಲ್ಲಿ. ಅಂದರೆ 8 ಬೇರೆ ಬೇರೆ ಸ್ವರ, 500 ಹರ್ಟ್ಜ್ ಅಗಲ. ಪಾವೆಲ್ ಯಾಲೋಖಾ ಇದನ್ನು ರೂಪಿಸಿದ್ದೇ ಬ್ಯಾಂಡ್ ಕೆಟ್ಟಿರುವ, ಅಂದರೆ ಸಿಗ್ನಲ್ ಸರಿಯಾಗಿ ಮುಟ್ಟದ ಹೊತ್ತಿಗಾಗಿ. ಒಂದು ಬ್ಲಾಕ್‌ಗೆ ಸುಮಾರು 1 ಸೆಕೆಂಡು, ಅದರಲ್ಲಿ 3 ಅಕ್ಷರ ಮಾತ್ರ. ಆ ಮೂರನ್ನೂ ಒಂದರ ಹಿಂದೊಂದು ಬರುವ 64 ಸ್ವರಗಳ ಉದ್ದಕ್ಕೂ ಹರಡಿ ಕಳಿಸುತ್ತದೆ. ನಡುವೆ ಕೆಲವು ಸ್ವರ ಮುಳುಗಿದರೂ ಉಳಿದವುಗಳಿಂದ ಅಕ್ಷರ ಹೊರಗೆ ಬರುತ್ತದೆ. ಸ್ಕ್ರೀನ್ ನೋಡುತ್ತಾ ಕೂತರೆ ಇದು ಕಣ್ಣಿಗೇ ಕಾಣುತ್ತದೆ. ಟೆಕ್ಸ್ಟ್ ಒಂದೊಂದೇ ಅಕ್ಷರವಾಗಿ ಬರುವುದಿಲ್ಲ, ಮೂರು ಮೂರಾಗಿ ಬಂದು ಬೀಳುತ್ತದೆ. ಸ್ಪೀಕರ್‌ನಲ್ಲಿ ಬರೀ ಸೊಯ್ ಅನ್ನುವ ಸದ್ದು, ವಾಟರ್‌ಫಾಲ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೂ ಕಾಲ್‌ಸೈನ್ ಪೂರ್ತಿ ಮೂಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಖುಷಿಯೇ.

ನಿಧಾನ ಅನ್ನುವ ದೂರು ಇದ್ದದ್ದೇ. ಲೆಕ್ಕ ಹಾಕಿ ನೋಡಿ. ಒಂದು ಚೆಕ್‌-ಇನ್ ಅಂದರೆ ನೆಟ್‌ಗೆ ಹಾಜರಿ ಹಾಕುವುದು, ಅದರಲ್ಲಿ ಕಾಲ್‌ಸೈನ್ ಎರಡು ಸಲ, ಹೆಸರು, ಸಿಗ್ನಲ್ ರಿಪೋರ್ಟ್. 60 ಅಕ್ಷರ ಅಂದುಕೊಂಡರೆ ಒಲಿವಿಯಾಗೆ 20 ಸೆಕೆಂಡು, ಪಿಎಸ್‌ಕೆ31ಗೆ 12. ಆ 8 ಸೆಕೆಂಡು ಉಳಿಸಲು ಹೋಗಿ ಒಬ್ಬರನ್ನು ಇನ್ನೊಮ್ಮೆ ಕೇಳಬೇಕಾಗಿ ಬಂದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು, ಅಲ್ವಾ? ಬ್ಯಾಂಡ್ ತೀರಾ ಕೆಟ್ಟಾಗ ಒಲಿವಿಯಾದ್ದೇ 16/500ಕ್ಕೆ ಇಳಿಯುತ್ತೇನೆ, ಅದು ನಿಮಿಷಕ್ಕೆ 20 ಪದ. ಅದಕ್ಕಿಂತ ನಿಧಾನವಾದರೆ ಸರದಿ ಕಾಯುವವರ ತಾಳ್ಮೆ ಕೆಡುತ್ತದೆ. ಬ್ಯಾಂಡ್ ಚೆನ್ನಾಗಿದ್ದರೆ ಥಾರ್ 22 ಎಂಬ ಮೋಡ್ ಒಳ್ಳೆಯದು. ಟ್ಯೂನಿಂಗ್ ಸ್ವಲ್ಪ ಆಚೀಚೆ ಆದರೂ ತಡೆದುಕೊಳ್ಳುತ್ತದೆ.

ಎಫ್‌ಎಲ್‌ಡಿಜಿಯನ್ನು ನಾನು ಬಿಡದಿರಲು ದೊಡ್ಡ ಕಾರಣ ಆರ್‌ಎಸ್‌ಐಡಿ. ಮಾತು ಶುರುವಾಗುವ ಮೊದಲು ಒಂದೂವರೆ ಸೆಕೆಂಡಿನಷ್ಟು ಸ್ವರ ಕಳಿಸಿ, ಇದು ಇಂಥ ಮೋಡ್ ಅಂತ ಹೇಳಿಬಿಡುತ್ತದೆ. ತಡವಾಗಿ ಬಂದವರ ಸಾಫ್ಟ್‌ವೇರ್ ಅದನ್ನು ಕೇಳಿ ತಾನೇ ಮೋಡ್ ಬದಲಿಸಿಕೊಳ್ಳುತ್ತದೆ. ಕಳಿಸುವುದು, ಕೇಳುವುದು ಎರಡನ್ನೂ ಆನ್ ಮಾಡಿಡಿ. ಒಂದು ಎಚ್ಚರಿಕೆ. ಇದು ವಾಟರ್‌ಫಾಲ್ ಮೇಲಿನ ಕರ್ಸರನ್ನು, ಅದರ ಜೊತೆಗೆ ನೀವು ಕಳಿಸುವ ಜಾಗವನ್ನೂ, ಮಾತಾಡಿದವರ ಜಾಗಕ್ಕೆ ಒಯ್ಯುತ್ತದೆ. ಎಲ್ಲರೂ ಹೀಗೆ ಒಬ್ಬರ ಹಿಂದೆ ಒಬ್ಬರು ಸರಿದರೆ ನೆಟ್ ಇಡೀ ಜಾರುತ್ತಾ ಹೋಗುತ್ತದೆ. ಅದಕ್ಕೇ ನೆಟ್ ಕಂಟ್ರೋಲ್, ಅಂದರೆ ನೆಟ್ ನಡೆಸುವವರು, 1500 ಹರ್ಟ್ಜ್‌ನಲ್ಲಿ ನಿಂತು, ಕಳಿಸುವ ಜಾಗ ಸರಿಯದಂತೆ ಹಿಡಿದಿಡುವ ಎಲ್‌ಕೆ ಬಟನ್ ಒತ್ತಿಡಬೇಕು.

ಹತ್ತಿರದ ಮಾತಿಗೆ ಬಳಸುವ ವಿಎಚ್‌ಎಫ್ ಎಫ್‌ಎಂನಲ್ಲಿ ಜಾಗದ ಚಿಂತೆ ಇಲ್ಲ, ಅಲ್ಲಿ ನಾನು ಬಳಸುವ ಮೋಡ್ ಎಂಟಿ63-2000. ಸೆಕೆಂಡಿಗೆ 20 ಅಕ್ಷರ. ಕೇಬಲ್ ಇಲ್ಲದಿದ್ದರೆ ರೇಡಿಯೊದ ಮೈಕನ್ನು ಲ್ಯಾಪ್‌ಟಾಪ್ ಸ್ಪೀಕರ್ ಎದುರು ಹಿಡಿದರೂ ಸಂದೇಶ ಹೋಗುತ್ತದೆ. ತುರ್ತು ಸಮಯದಲ್ಲಿ ಇದರಷ್ಟು ಕೈಗೆ ಬರುವ ಮೋಡ್ ನಾನು ಕಂಡಿಲ್ಲ. ಉದ್ದದ ಪಟ್ಟಿ ಕಳಿಸಬೇಕಾದರೆ ಜೊತೆಗೆ ಎಫ್‌ಎಲ್‌ಆ್ಯಂಪ್ ಎಂಬ ಸಾಫ್ಟ್‌ವೇರ್ ಬಳಸಿ. ಕೈತಪ್ಪಿದ ಬ್ಲಾಕ್‌ಗಳನ್ನು ಮಾತ್ರ ಮತ್ತೆ ಕೇಳಿ ಪಡೆಯಬಹುದು.

ಬೇಸರದ ವಿಷಯಗಳೂ ಇವೆ. ಸೆಟ್ಟಿಂಗ್‌ಗಳು ಅಲ್ಲಲ್ಲಿ ಚದುರಿವೆ, ಹುಡುಕಿ ಹುಡುಕಿ ಸಾಕಾಗುತ್ತದೆ. ಇನ್ನೊಂದು, ಒಲಿವಿಯಾ ಮತ್ತು ಥಾರ್ ಮಾತಾಡುವಷ್ಟು ಹೊತ್ತೂ ರಿಗ್ (ರೇಡಿಯೊ ಸೆಟ್) ಪೂರ್ತಿ ಶಕ್ತಿಯಲ್ಲೇ ದುಡಿಯುತ್ತದೆ. 100 ವಾಟ್‌ನ ರಿಗ್ ಇದ್ದರೆ 50ಕ್ಕೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಬಿಸಿಯಾಗುತ್ತದೆ.

ಎಫ್‌ಟಿ8 ಅನ್ನುವ ಮೋಡ್ ಸಾಲದೇ ಅಂತ ಕೇಳುವವರಿದ್ದಾರೆ. 15 ಸೆಕೆಂಡಿನ ಒಂದು ಸರದಿಯಲ್ಲಿ ಅದು ಒಯ್ಯುವುದು ಹೆಚ್ಚೆಂದರೆ 13 ಅಕ್ಷರಗಳ ಸ್ವಂತ ಮಾತು. ಅದರಲ್ಲಿ ನೆಟ್ ನಡೆಯುವುದಿಲ್ಲ. ಅದರ ಮೇಲೇ ಕಟ್ಟಿದ ಜೆಎಸ್‌8ಕಾಲ್‌ನಲ್ಲಿ ಉದ್ದ ವಾಕ್ಯ ಕಳಿಸಬಹುದು, ಎದುರಿಗೆ ಯಾರೂ ಇಲ್ಲದಿದ್ದರೂ ಸಂದೇಶ ಬಿಟ್ಟು ಹೋಗಬಹುದು. ಆದರೆ ಎಲ್ಲರ ಗಡಿಯಾರವೂ ಸರಿಯಾಗಿ ಕೂಡಿರಬೇಕು. ಹಾಗಾಗಿ ಎರಡು ನೆಟ್‌ಗಳ ನಡುವಿನ ದಿನಗಳಿಗೆ ಅದನ್ನು ಇಟ್ಟುಕೊಂಡಿದ್ದೇನೆ, ರೋಲ್ ಕಾಲ್ ಮಾತ್ರ ಒಲಿವಿಯಾದಲ್ಲೇ.