ಜೋರ್ಜಿ ಬೆನ್ ಅವರ ‘ಸಾಂಬಾ ಎಸ್ಕೆಮಾ ನೋವೊ’: ಬಲಗೈಗೆ ಕಿವಿ ಕೊಟ್ಟು ಕೇಳಬೇಕಾದ ಆಲ್ಬಂ

ಕಲಬುರಗಿಯಲ್ಲಿ ತಬಲಾ ಕಲಿಯುವವರಿದ್ದಾರೆ, ಗಿಟಾರ್ ಹಿಡಿದು ಸಿನಿಮಾ ಹಾಡಿನ ಒಂದೇ ಸ್ಟ್ರಮ್ಮಿಂಗ್‌ನಲ್ಲಿ ನಿಂತುಬಿಟ್ಟವರೂ ಇದ್ದಾರೆ. ಈ ಆಲ್ಬಂ ಮೊದಲು ಅವರ ಕಿವಿಗೆ ಬೀಳಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಬ್ರೆಜಿಲ್‌ನಲ್ಲಿ ಹೊರತಂದ ಎಲ್‌ಪಿ (ವಿನೈಲ್ ಗಾನತಟ್ಟೆ) ಇದು, ರಿಯೊ ನಗರದ ಹಾಡುಗಾರ ಜೋರ್ಜಿ ಬೆನ್ ಅವರ ಮೊದಲ ಆಲ್ಬಂ. 12 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಬಹುತೇಕ ಹಾಡುಗಳನ್ನು ಬರೆದು ರಾಗ ಕಟ್ಟಿದವರು ಅವರೇ. ಅವತ್ತಿನ ಬ್ರೆಜಿಲ್ ಸಂಗೀತ ಹಿಡಿದಿದ್ದ ದಾರಿ ಇಲ್ಲಿಂದ ತಿರುಗಿತು, ಮತ್ತು ಅದನ್ನು ತಿರುಗಿಸಿದ್ದು ಒಂದು ಬಲಗೈ.

1959ರಲ್ಲಿ ಬ್ರೆಜಿಲ್‌ನ ಹಾಡುಗಾರ ಜೊವಾಂವ್ ಜಿಲ್ಬೆರ್ಟೊ ತಮ್ಮ ಮೊದಲ ಆಲ್ಬಂನಲ್ಲಿ, ಡೊಳ್ಳುಗಳ ಅಬ್ಬರದ ಬ್ರೆಜಿಲ್ ಕುಣಿತದ ಸಂಗೀತ ಸಾಂಬಾವನ್ನು ಪಿಸುಮಾತಿಗೆ ಇಳಿಸಿದ್ದರು. ಮೆಲುದನಿ, ಗಿಟಾರ್‌ನಲ್ಲಿ ಬೆರಳ ತುದಿಯ ಮೀಟು, ಒಂದರ ಮೇಲೊಂದು ಸಿಕ್ಕುಸಿಕ್ಕಾದ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು): ಇದಕ್ಕೆ ಬೋಸಾ ನೋವಾ ಎಂಬ ಹೆಸರು ನಿಂತಿತು. ನಂತರ ಬಂದವರು ಆ ಮೆಲುದನಿಯನ್ನೇ ಹಿಡಿದು ಹೊರಟರು. ಜೋರ್ಜಿ ಬೆನ್ ಕಾರ್ಡ್‌ಗಳನ್ನು ಕಡಿಮೆ ಮಾಡಿ ಪೆಟ್ಟನ್ನು ಹೆಚ್ಚಿಸಿದರು. ನೈಲಾನ್ ತಂತಿಯ ಗಿಟಾರನ್ನು ಮೀಟುವ ಬದಲು ಬಾರಿಸಿದರು. ಬೀದಿಯ ಸಾಂಬಾ, ಈಶಾನ್ಯ ಬ್ರೆಜಿಲ್‌ನ ಮರಕಾಟು ಡೊಳ್ಳುಗಳ ತೂಕ, ರೇಡಿಯೊದಲ್ಲಿ ಬರುತ್ತಿದ್ದ ರಾಕ್ ಅಂಡ್ ರೋಲ್‌ನ ಹುರುಪು, ಮೂರೂ ಆ ಒಂದು ಕೈಯಲ್ಲಿವೆ. ಮೊದಲ ಹಾಡು ‘ಮಾಸ್ ಕೆ ನಾಡಾ’ ಸಾಹಿತ್ಯದಲ್ಲೇ ಇದು ಮರಕಾಟು ಬೆರೆತ ಸಾಂಬಾ ಎಂದು ಹೇಳಿಕೊಳ್ಳುತ್ತದೆ. ಸ್ಯಾಕ್ಸೊಫೋನ್ ವಾದಕ ಮೇರೆಲಿಸ್ ಅವರ ಜಾಝ್ ತಂಡ ಇಲ್ಲಿ ಜೊತೆಗಿದೆ. ಗಮನಿಸಿ ಕೇಳಿದರೆ ಊದುವಾದ್ಯಗಳು ಗಿಟಾರ್ ಬಿಟ್ಟುಕೊಟ್ಟ ಜಾಗದಲ್ಲಷ್ಟೇ ಉತ್ತರ ಕೊಡುತ್ತವೆ. ಲಯದ ಯಜಮಾನಿಕೆ ಗಿಟಾರಿನದೇ.

ಇದನ್ನು ಕೈಗೆ ತಂದುಕೊಳ್ಳಲು ಹಿಂದೂಸ್ತಾನಿ ತಾಳ ಗೊತ್ತಿರುವವರಿಗೆ ಸುಲಭದ ಬಾಗಿಲೊಂದಿದೆ. ತೀನ್‌ತಾಲದಂತೆ 16 ಎಣಿಸಿ. ಕಾಲು 1, 5, 9, 13ಕ್ಕೆ ಬೀಳಲಿ. ಗಿಟಾರ್‌ನಲ್ಲಿ ಅದು ಹೆಬ್ಬೆರಳಿನ ಮಂದ್ರ ತಂತಿ. ಚಪ್ಪಾಳೆ 1, 4, 7, 11, 14ಕ್ಕೆ ಬೀಳಲಿ. ಅದು ಉಳಿದ ಬೆರಳುಗಳು ಒಟ್ಟಿಗೆ ಎಳೆಯುವ ಕಾರ್ಡ್. ಎರಡೂ ಕೂಡುವುದು 1ರಲ್ಲಿ ಮಾತ್ರ, ಮಿಕ್ಕ ಕಡೆಯೆಲ್ಲ ಒಂದನ್ನೊಂದು ತಪ್ಪಿಸಿಕೊಂಡು ಓಡುತ್ತವೆ. ಬೋಸಾ ನೋವಾದ ಬುನಾದಿ ಕಟ್ಟು ಇದು. ಜೋರ್ಜಿ ಬೆನ್ ಇದನ್ನೇ ಯಂತ್ರದಂತೆ ತಿರುವುವುದಿಲ್ಲ, ನಡುವೆ ಇನ್ನಷ್ಟು ಪೆಟ್ಟು ತುಂಬುತ್ತಾರೆ. ಆದರೆ ಇದು ಕೂರದೆ ಅವರ ಹಾಡಿಗೆ ಕೈ ಹಾಕಿದರೆ ಬರೀ ಗದ್ದಲವಾಗುತ್ತದೆ.

ತಪ್ಪುವುದು ಎಲ್ಲಿ? ಹೆಚ್ಚಾಗಿ 11ರಲ್ಲಿ. 1, 4, 7 ಎಂದು ಮೂರು ಮೂರರ ಓಟ ಹತ್ತಿದ ಕೈ ತಾನಾಗಿ 10ಕ್ಕೆ ಬಿದ್ದುಬಿಡುತ್ತದೆ, ಆಮೇಲೆ 14 ಹೋಗಿ 13 ಆಗುತ್ತದೆ. 7ರಿಂದ 11ರ ನಡುವೆ ಮಾತ್ರ ನಾಲ್ಕು ಮಾತ್ರೆ. ಹಾಡು ತೂಗುವುದೇ ಆ ಒಂದು ಉದ್ದನೆಯ ಬಿಡುವಿನಲ್ಲಿ. ಎರಡನೆಯ ತಪ್ಪು ಸಮ್ ಮೇಲೆ, ಅಂದರೆ 1ರ ಮೇಲೆ, ಭಾರ ಹಾಕುವುದು. ನಮ್ಮ ಕೈಗೆ ಅದು ಅಭ್ಯಾಸ, ಆದರೆ ಸಾಂಬಾದ ದೊಡ್ಡ ಡೊಳ್ಳು ಗುದ್ದುವುದು ಎರಡನೆಯ ಪೆಟ್ಟಿಗೆ, ಅಂದರೆ ನಮ್ಮ ಎಣಿಕೆಯಲ್ಲಿ 5 ಮತ್ತು 13ಕ್ಕೆ. 9 ನಮಗೆ ಖಾಲಿ (ಪೆಟ್ಟಿಲ್ಲದ ಜಾಗ) ಎಂದು ಹೆಬ್ಬೆರಳನ್ನು ಅಲ್ಲಿ ಬಿಡುವವರೂ ಇದ್ದಾರೆ, ಬಿಡಬಾರದು. ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 60 ಪೆಟ್ಟಿನಲ್ಲಿ ಶುರು ಮಾಡಿ ಕಾಲಿನ ಪೆಟ್ಟನ್ನು ಅದಕ್ಕೆ ಕೂಡಿಸಿ. ಎರಡು ನಿಮಿಷ ಎಡವದೆ ಬಂದ ಮೇಲೆ ಐದೈದರಂತೆ ಏರಿಸಿ. ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬೇಡ, ಅದರಲ್ಲಿ ಹೆಬ್ಬೆರಳೂ ಬೆರಳುಗಳೂ ಬೇರೆ ಬೇರೆ ಮಾತಾಡಲಾರವು.

ಎಲ್ಲ 12 ಹಾಡೂ ಒಂದೇ ಮಟ್ಟದವಲ್ಲ. ‘ಮಾಸ್ ಕೆ ನಾಡಾ’, ‘ಶೋವಿ ಶುವಾ’, ‘ಪೋರ್ ಕಾವ್ಜಾ ಜಿ ವೊಸೆ ಮೆನಿನಾ’, ‘ಬಲಾನ್ಸಾ ಪೇಮಾ’ ಇವು ಇಂದಿಗೂ ಹಳತಾಗಿಲ್ಲ. ಉಳಿದವುಗಳಲ್ಲಿ ಕೆಲವು ಒಂದನ್ನೊಂದು ಹೋಲುತ್ತವೆ, ಒಂದೇ ಬಗೆಯ ಹುಡುಗಿಗೆ ಒಂದೇ ಬಗೆಯ ಮಾತು. ಆದರೂ ಆ ಗಂಟಲು ಕಾಪಾಡುತ್ತದೆ: ಸ್ವಲ್ಪ ಮೂಗಿನಿಂದ ಬರುವ, ಸ್ವರದಿಂದ ಸ್ವರಕ್ಕೆ ಜಾರಿಕೊಂಡು ಹೋಗುವ, ಅರ್ಥವಿಲ್ಲದ ಅಕ್ಷರಗಳನ್ನೂ ತಾಳವಾದ್ಯದಂತೆ ನುಡಿಸುವ ದನಿ. ‘ಶೋವಿ ಶುವಾ’ ಮಳೆಯ ಹಾಡು. ಗುರ್ಜಿ ಹೊತ್ತು ಮಳೆರಾಯನನ್ನು ಕರೆಯುವ ನಮ್ಮ ತೊಗರಿ ಸೀಮೆಯವರಿಗೆ ವಿಚಿತ್ರ ಅನ್ನಿಸಬಹುದು, ಇಲ್ಲಿ ಒಬ್ಬ ತನ್ನ ನಲ್ಲೆ ನೆನೆಯದಿರಲೆಂದು ಮಳೆ ನಿಲ್ಲಿಸುವಂತೆ ದೇವರಿಗೆ ಬೇಡುತ್ತಾನೆ. ಆಲ್ಬಂನ ಅತಿ ಸುಂದರ ಹಾಡು ಅದೇ.

ಹೊರಜಗತ್ತಿಗೆ ‘ಮಾಸ್ ಕೆ ನಾಡಾ’ ಗೊತ್ತಾಗಿದ್ದು 1966ರಲ್ಲಿ ಸೆರ್ಜಿಯೊ ಮೆಂಡೆಸ್ ಅವರ ಬ್ರೆಜಿಲ್ 66 ತಂಡದಿಂದ. ಪಿಯಾನೊ, ಹೆಣ್ಣುದನಿಗಳ ಆ ರೂಪ ಎಷ್ಟು ಹಬ್ಬಿತೆಂದರೆ ಹಾಡೇ ಮೆಂಡೆಸ್ ಅವರದೆಂದು ಇಂದಿಗೂ ಬಹಳ ಜನ ನಂಬಿದ್ದಾರೆ. 2006ರಲ್ಲಿ ಮೆಂಡೆಸ್ ಅವರೇ ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡದ ಜೊತೆ ಮತ್ತೆ ಹಾಡಿಸಿದರು. ಮೂಲ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ: ಮೆಂಡೆಸ್ ಅವರದು ನುಣುಪು, ಇದು ಒರಟು, ಬಿಸಿ. ಬ್ರೆಜಿಲ್‌ನ ಒಳಗಿನ ಪರಿಣಾಮ ಇನ್ನೂ ಆಳದ್ದು. ಸಾಂಬಾ-ರಾಕ್ ಎಂಬ ಸಂಗೀತ ಶೈಲಿಗೆ ಬೇರು ಈ ಬಲಗೈ. 1968ರಲ್ಲಿ ಊಸ್ ಮುಟಾಂಚಿಸ್ ಎಂಬ ರಾಕ್ ತಂಡ ತನ್ನ ಮೊದಲ ಆಲ್ಬಂಗೆ ಜೋರ್ಜಿ ಬೆನ್ ಅವರಿಂದ ಹಾಡು ತೆಗೆದುಕೊಂಡಿತು. 1975ರಲ್ಲಿ ಜೋರ್ಜಿ ಬೆನ್ ಇನ್ನೊಬ್ಬ ಬ್ರೆಜಿಲ್ ಹಾಡುಗಾರ ಜಿಲ್ಬೆರ್ಟೊ ಜಿಲ್ ಅವರೊಂದಿಗೆ ಕೂತು ಎರಡು ಗಿಟಾರ್‌ಗಳ ಆಲ್ಬಂ ಮಾಡಿದರು. 1994ರಲ್ಲಿ ಗಾಯಕಿ ಮರಿಸಾ ಮೊಂಟಿ ‘ಬಲಾನ್ಸಾ ಪೇಮಾ’ವನ್ನು ಹೊಸ ತಲೆಮಾರಿಗೆ ಹಾಡಿದರು. ಅಂದಹಾಗೆ, ನಮ್ಮ ತಾಜ್ ಮಹಲ್ ಮೇಲೂ ಜೋರ್ಜಿ ಬೆನ್ ಅವರದೊಂದು ಹಾಡಿದೆ. ಅದರ ಪಲ್ಲವಿಯ ಧಾಟಿ 1978ರಲ್ಲಿ ಬ್ರಿಟಿಷ್ ಗಾಯಕ ರಾಡ್ ಸ್ಟೀವರ್ಟ್ ಹಾಡಿನಲ್ಲಿ ಕೇಳಿಬಂದು ತಕರಾರಾಗಿತ್ತು.

ಇನ್ನು ಕೇಳುವ ಬಗೆ. ಮೆರವಣಿಗೆಗೆ ಹೊಂದಿಸಿದಂಥ ಬಾಸ್ ಸ್ಪೀಕರ್‌ನಲ್ಲಿ ಈ ಆಲ್ಬಂ ಸಾಯುತ್ತದೆ. ಗಿಟಾರ್ ಪೆಟ್ಟು ಇರುವುದು ನಡು ಸ್ಥಾಯಿಯಲ್ಲಿ. ಬಾಸ್ ಬೂಸ್ಟ್ ತೆಗೆದು, ಸಾಧಾರಣ ವೈರ್ ಇಯರ್‌ಫೋನ್‌ನಲ್ಲಿ ಕೇಳಿದರೂ ಸಾಕು. ಎಲ್‌ಪಿ ತರಿಸಿಕೊಂಡವರು ಅದನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಏಪ್ರಿಲ್-ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟರೂ ವಿನೈಲ್ ಸೊಟ್ಟಗಾಗುತ್ತದೆ.

ಗಿಟಾರ್‌ಗೂ ಇಲ್ಲಿನ ಬೇಸಿಗೆ ಶತ್ರು. ಮರಕ್ಕೆ ಗಾಳಿಯ ತೇವ ಶೇ 45ರಿಂದ 55ರಷ್ಟಿರಬೇಕು, ನಮ್ಮಲ್ಲಿ ಮಧ್ಯಾಹ್ನ ಅದು ಬಹಳ ಕೆಳಗಿಳಿಯುತ್ತದೆ. ಫ್ರೆಟ್‌ಗಳ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳು) ತುದಿಗಳು ಕೈಗೆ ಚುಚ್ಚತೊಡಗಿದರೆ ಮರ ಕುಗ್ಗಿದೆ ಎಂದು ತಿಳಿಯಿರಿ. ಮುಂದಿನದು ಮುಖದ ಹಲಗೆಯ ಬಿರುಕು. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ಅದನ್ನು ಗಿಟಾರ್ ಕೇಸಿನೊಳಗೆ ಇಡಿ. ಎರಡು ಮೂರು ದಿನಕ್ಕೊಮ್ಮೆ ಒದ್ದೆ ಮಾಡಿ. ಕೂಲರ್ ಮುಂದೆ ಗಿಟಾರ್ ನಿಲ್ಲಿಸಬೇಡಿ. ಕೂಲರ್ ಹಾಕಿದಾಗ ತೇವ ಏರಿ, ಆರಿಸಿದಾಗ ಇಳಿದು, ಆ ಏರಿಳಿತದಲ್ಲಿ ಮರವೂ ಕೆಡುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ.

ಹೊಸಬರು ಮೊದಲ, ಐದನೆಯ ಮತ್ತು ಕೊನೆಯ ಹಾಡಿನಿಂದ ಶುರು ಮಾಡಲಿ. ಅವು ಹಿಡಿಸಿದರೆ 1974ರ ‘ಆ ಟಾಬುವಾ ಜಿ ಎಸ್ಮೆರಾಲ್ಡಾ’, ಆಮೇಲೆ 1976ರ ‘ಆಫ್ರಿಕಾ ಬ್ರೆಜಿಲ್’ಗೆ ಹೋಗಿ. ಎರಡನೆಯದರಲ್ಲಿ ಗಿಟಾರ್ ಎಲೆಕ್ಟ್ರಿಕ್ ಆಗಿದೆ, ಬಾರಿಸುವ ಕೈ ಮಾತ್ರ 1963ರದೇ.