ಗರಸಿನ ದಾರಿಗೆಂದು ಕೊಂಡ ಸೈಕಲ್: ಮೂರೂವರೆ ವರ್ಷ, 9,400 ಕಿಲೋಮೀಟರ್

ಬೆಲೆಯಿಂದಲೇ ಶುರು ಮಾಡುತ್ತೇನೆ, ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. 2021ರ ದಸರೆಯ ಹೊತ್ತಿಗೆ, ಗರಸಿನ ದಾರಿಗೆಂದೇ ಮಾಡಿದ ಈ ಗ್ರಾವೆಲ್ ಸೈಕಲ್‌ಗೆ ನಾನು ಕೊಟ್ಟದ್ದು 88,000 ರೂಪಾಯಿ. ಖಂಡೆಪೂಜೆಯ ದಿನ ಕಟ್ಟೆಗೆ ಒರಗಿಸಿ ಕುಂಕುಮ ಹಚ್ಚುತ್ತಿದ್ದಾಗ ಪಕ್ಕದ ಮನೆಯ ಕಾಕಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಾಸ್ತರರೇ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಗಂಟೆಯೂ ಇಲ್ಲ. ಉಳಿದದ್ದನ್ನು ಹಿಂದಿನಿಂದ ಕಳಿಸುತ್ತಾರೆಯೇ?" ಎಂದು ಕೇಳಿದರು. ಗಂಟೆಯೊಂದನ್ನು ಮರುದಿನವೇ 60 ರೂಪಾಯಿಗೆ ತಂದು ಕೂರಿಸಿದೆ. ಇಡೀ ಸೈಕಲ್‌ನಲ್ಲಿ ಇದುವರೆಗೆ ಕೆಡದೆ ಉಳಿದಿರುವುದು ಅದೊಂದೇ.

ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಕನ್ನಡ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಸಂಖ, ಉಮದಿ, ಮಾಡಗ್ಯಾಳ, ಗುಡ್ಡಾಪುರದ ಸುತ್ತಲಿನ ಮಡ್ಡಿಯೇ, ಅಂದರೆ ಗರಸಿನ ಬರಡು ಭೂಮಿಯೇ, ನನ್ನ ಓಡಾಟದ ನೆಲ. ಈ ಸೈಕಲ್ಲಿನ ಜಾಹೀರಾತಿನ ಚಿತ್ರದಲ್ಲಿದ್ದದ್ದು ಇಟಲಿಯ ಟಸ್ಕನಿ: ಏರಿಳಿಯುವ ಗುಡ್ಡ, ಇಕ್ಕೆಲದಲ್ಲಿ ದ್ರಾಕ್ಷಿ, ನಡುವೆ ಬಿಳಿ ಗರಸಿನ ದಾರಿ. ಸಿಯೆನಾ ಊರಿನ ಸುತ್ತ ಅಂಥ ದಾರಿಗಳಲ್ಲೇ 2007ರಿಂದ ಸ್ಟ್ರಾದೆ ಬ್ಯಾಂಕೆ ಎಂಬ ಸೈಕಲ್ ಓಟ ನಡೆಯುತ್ತಿದೆ, ಹೆಸರಿನ ಅರ್ಥವೇ ಬಿಳಿ ದಾರಿಗಳು. ಚಿತ್ರ ನೋಡಿದಾಗ, ಬಣ್ಣವೊಂದನ್ನು ಬಿಟ್ಟರೆ ಇದೆಲ್ಲ ನಮ್ಮಲ್ಲೂ ಇದೆಯಲ್ಲ ಅನ್ನಿಸಿತು. ನಮ್ಮ ಗರಸು ಕೆಂಪು. ದ್ರಾಕ್ಷಿ ತೋಟಗಳ ನಡುವಿನ ಬಂಡಿದಾರಿ, ಗಾಳಿಯಂತ್ರಗಳಿಗಾಗಿ ಮಾಡಿದ ಅಗಲವಾದ ಕಚ್ಚಾ ರಸ್ತೆ, ಮ್ಹೈಸಾಳ ಏತ ನೀರಾವರಿಯ ಕಾಲುವೆ ತಲುಪಿದ ಕಡೆ ಅದರ ಬದಿಯ ದಾರಿ, ಇವನ್ನೆಲ್ಲ ಹೊಲಿದುಕೊಂಡರೆ ಡಾಂಬರು ಮುಟ್ಟದೆ ನಲವತ್ತು ಕಿಲೋಮೀಟರ್ ಸುತ್ತಬಹುದು. ಎದುರಿಗೆ ಬರುವುದು ಹೆಚ್ಚೆಂದರೆ ಗಿಣಿಮೂಗಿನ ಮಾಡಗ್ಯಾಳ ಕುರಿಗಳ ಹಿಂಡು, ಅದರ ಹಿಂದೆ ಎರಡು ನಾಯಿ. ಕುರಿ ದಾರಿ ಬಿಡುತ್ತವೆ. ನಾಯಿಗಳಿಗೆ ಮಾತ್ರ ಬಾಗಿದ ಹ್ಯಾಂಡಲ್ಲಿನ ಸೈಕಲ್ ಕಂಡರೆ ಆಗುವುದಿಲ್ಲ, ಇಳಿದು ತಳ್ಳಿಕೊಂಡು ಹೋಗಬೇಕು.

ಜಾಹೀರಾತಿನವರು ಹೇಳದೆ ಬಿಟ್ಟದ್ದು ಮುಳ್ಳಿನ ವಿಷಯ. ಟಸ್ಕನಿಯಲ್ಲಿ ಬಳ್ಳಾರಿ ಜಾಲಿಯ ಬೇಲಿ ಇರಲಾರದು. ಇಲ್ಲಿ ತೋಟದ ಬೇಲಿ ಹೊಸದಾಗಿ ಕಟ್ಟಿದ ವಾರದಲ್ಲಿ ದಾರಿಯ ತುಂಬ ಮುಳ್ಳು. ಮಳೆಗಾಲ ಮುಗಿದ ಮೇಲೆ ನೆಗ್ಗಿಲು ಕಾಯಿ ಒಣಗುತ್ತದೆ. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಮೊದಲ ಎರಡು ತಿಂಗಳಲ್ಲಿ ಹದಿನಾಲ್ಕು ಪಂಕ್ಚರ್. ಮೊದಲನೆಯದಕ್ಕೆ ಊರಿನ ಪಂಕ್ಚರ್ ಅಂಗಡಿಗೆ ಒಯ್ದೆ. ಹವಾ ಹಾಕುವ ಪೈಪು ಈ ತೆಳುಮೂತಿಯ ಪ್ರೆಸ್ಟಾ ವಾಲ್ವಿಗೆ ಕೂರಲಿಲ್ಲ. ಟ್ಯೂಬ್ ಬದಲಿಸೋಣವೆಂದರೆ ಅಂಗಡಿಯಲ್ಲಿದ್ದದ್ದು ಹಳೆಯ ಕರಿ ಸೈಕಲ್ಲಿನ 28 ಇಂಚಿನ ಟ್ಯೂಬ್. ನೋಡಲು ಎರಡೂ ಚಕ್ರ ಒಂದೇ ಅಳತೆಯಂತೆ ಕಂಡರೂ ಟಯರ್ ಕೂರುವ ವ್ಯಾಸ ಕರಿ ಸೈಕಲ್ಲಿಗೆ 635 ಮಿಲಿಮೀಟರ್, ಇದಕ್ಕೆ 622. ಟ್ಯೂಬನ್ನಾದರೂ ಹೇಗೋ ಹೊಂದಿಸಬಹುದು, ಟಯರನ್ನು ಸಾಧ್ಯವೇ ಇಲ್ಲ. ಪ್ರೆಸ್ಟಾ ವಾಲ್ವಿಗೆ ಅಂಗಡಿಯ ಪೈಪು ಕೂರುವಂತೆ ಮಾಡುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಅಂದಿನಿಂದ ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡಿದ್ದೇನೆ. ಈ ಸೈಕಲ್ ಕೊಳ್ಳುವವರು ಹೆಲ್ಮೆಟ್‌ಗಿಂತಲೂ ಮೊದಲು ಅದನ್ನು ಕೊಳ್ಳಲಿ ಎನ್ನುವಷ್ಟು ಬಾಯಿಗೆ ಬರುತ್ತದೆ. ಹೆಲ್ಮೆಟ್ಟನ್ನೂ ಕೊಳ್ಳಿ.

ಮೂರನೆಯ ತಿಂಗಳಿಗೆ ಟ್ಯೂಬ್ ಕಿತ್ತೆಸೆದು ಟ್ಯೂಬ್‌ಲೆಸ್ ಮಾಡಿಸಿದೆ. ಒಳಗೆ ಹಾಲಿನಂಥ ರಬ್ಬರ್ ದ್ರವ ಇರುತ್ತದೆ, ಮುಳ್ಳು ಚುಚ್ಚಿದ ತೂತಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಬಾಟಲಿಯ ಮೇಲೆ ಮೂರು ತಿಂಗಳಿಗೊಮ್ಮೆ ಹಾಕಿ ಎಂದಿದೆ. ನಮ್ಮ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ, ಆರೇ ವಾರಕ್ಕೆ ಅದು ಒಣಗಿ ಹಪ್ಪಳವಾಗಿತ್ತು. ಈಗ ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಪ್ರತಿ ಚಕ್ರಕ್ಕೆ 40 ಮಿಲಿಲೀಟರ್ ಸೇರಿಸುತ್ತೇನೆ. ಆಮೇಲಿನ ಮೂರು ವರ್ಷದಲ್ಲಿ ದಾರಿಯಲ್ಲಿ ನಿಂತದ್ದು ಒಟ್ಟು ಐದು ಸಲ. ಹವಾ ಕಡಿಮೆ ಇಡಲು ಕಲಿತದ್ದು ಇದರ ಜೊತೆಗೆ ಸಿಕ್ಕ ಲಾಭ. ನನ್ನ ತೂಕ 71 ಕಿಲೋ, 40 ಮಿಲಿಮೀಟರ್ ಅಗಲದ ಟಯರಿಗೆ ಮುಂದೆ 32, ಹಿಂದೆ 36 ಪೌಂಡ್ ಹವಾ ಸಾಕು. ಅಂಗಡಿಯವರು ಹೇಳಿದಂತೆ 60 ಹಾಕಿದ್ದ ದಿನಗಳಲ್ಲಿ ಉರುಟು ಗರಸಿನ ಮೇಲೆ ಹಲ್ಲು ಕಟಕಟ ಎನ್ನುತ್ತಿದ್ದವು.

ಸರಪಳಿಯ ಕಥೆಯೂ ಹಾಗೆಯೇ. ಎಣ್ಣೆ ಹಾಕಿದರೆ ಕೆಂಪು ಧೂಳು ಅದಕ್ಕೆ ಅಂಟಿ, ಚೈನು ತಾನೇ ತನ್ನನ್ನು ಅರೆದುಕೊಳ್ಳುತ್ತದೆ. ಮೊದಲನೆಯದು 2,300 ಕಿಲೋಮೀಟರಿಗೆ ಸವೆಯಿತು. ಈಗ ಹಳೆಯ ಪಾತ್ರೆಯೊಂದನ್ನು ಬಿಸಿನೀರಿನಲ್ಲಿ ಇಟ್ಟು ಪ್ಯಾರಾಫಿನ್ ಮೇಣ ಕರಗಿಸಿ, ತೊಳೆದು ಒಣಗಿಸಿದ ಚೈನನ್ನು ಅದರಲ್ಲಿ ಅದ್ದುತ್ತೇನೆ. ಎರಡನೆಯದು 4,100 ಕಿಲೋಮೀಟರ್ ಬಂತು. ಆ ಪಾತ್ರೆ ಯಾವುದೆಂದು ನನ್ನ ಹೆಂಡತಿಗೆ ಗೊತ್ತಾದ ದಿನದ ಸಂಗತಿ ಇಲ್ಲಿ ಬೇಡ.

ಗೇರು ಚೆನ್ನಾಗಿದೆ, ಬ್ರೇಕು ಪರವಾಗಿಲ್ಲ. ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದೆ ದೊಡ್ಡದು 42. ಸಡಿಲು ಗರಸಿನ ಕಡಿದಾದ ಏರಿನಲ್ಲಿ ಇದು ನಲವತ್ತೇಳರ ನನ್ನ ಮೊಣಕಾಲಿಗೆ ಸಾಲದು, ಮುಂದಿನದನ್ನು 36ಕ್ಕೆ ಇಳಿಸಿದೆ.

ಅತಿ ದೊಡ್ಡ ದೂರು ಮಾರಾಟದ ನಂತರದ ಸೇವೆಯ ಬಗ್ಗೆ. ಕಂಪನಿಯ ಹೆಸರು ಬೇಡ. 1,800 ಕಿಲೋಮೀಟರಿಗೆ ಪೆಡಲಿನ ಬುಡದ ಬೇರಿಂಗ್ ಕಿರುಗುಟ್ಟಲು ಆರಂಭಿಸಿತು, ಎಣ್ಣೆ ಕಾಣದ ಗಾಣದ ಹಾಗೆ. ಸೈಕಲ್ಲನ್ನು ಪೆಟ್ಟಿಗೆ ಕಟ್ಟಿ ದೂರದ ಊರಿಗೆ ಕಳಿಸಿದೆ. ಹತ್ತೊಂಬತ್ತು ದಿನದ ನಂತರ ಅದು ಅದೇ ಸದ್ದಿನೊಂದಿಗೆ ಮರಳಿತು, ಜೊತೆಗೆ ಒಂದು ಚೀಟಿ: ಧೂಳಿನಿಂದ ಆದ ಹಾನಿ ಖಾತರಿಗೆ ಒಳಪಡುವುದಿಲ್ಲ. ಧೂಳಿನ ದಾರಿಗೆಂದೇ ಮಾರಿದ ಸೈಕಲ್ಲಿಗೆ! ಕೊನೆಗೆ ನಮ್ಮೂರಿನ ಟ್ರ್ಯಾಕ್ಟರ್ ಮಿಸ್ತ್ರಿ ಬೇರಿಂಗ್ ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ ಮತ್ತೆ ಕೂರಿಸಿದ. ದುಡ್ಡು ಬೇಡ, ಒಂದು ಸುತ್ತು ಹೊಡೆಯಲು ಕೊಡಿ ಸಾಕು ಎಂದ. ಸದ್ದು ಇವತ್ತಿಗೂ ಇಲ್ಲ.

ಇನ್ನು ದಾರಿ. ಅದು ವರ್ಷವಿಡೀ ಒಂದೇ ಥರ ಇರುತ್ತದೆ ಎಂದುಕೊಳ್ಳಬೇಡಿ, ಅದು ನಡೆಯುವುದು ದ್ರಾಕ್ಷಿಯ ಪಂಚಾಂಗದಂತೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಚಿಗುರು ಬಂದ ಮೇಲೆ ಬೂದಿರೋಗ, ದವಣಿ ರೋಗ ಎಂದು ಬೆಳಗಿನಿಂದಲೇ ಔಷಧಿ ಹೊಡೆಯುತ್ತಿರುತ್ತಾರೆ. ಟ್ರ್ಯಾಕ್ಟರಿನ ಬ್ಲೋವರ್ ಸದ್ದು ಕೇಳಿದರೆ ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡಿ ದಾರಿ ಬದಲಿಸುತ್ತೇನೆ. ಡಿಸೆಂಬರ್, ಜನವರಿಯ ನಸುಕು ಚಿನ್ನ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಗೆ ನಡೆದು ಹೋಗುವವರು ದಾರಿಯ ತುಂಬ ಇರುವುದರಿಂದ ಆ ಎರಡು ದಿನ ನಾನೂ ಸೈಕಲ್ ಬಿಟ್ಟು ನಡೆಯುವವನೇ. ಫೆಬ್ರವರಿಯಿಂದ ಕಟಾವು. ಸೋನಾಕಾ, ಮಾಣಿಕ್ ಚಮನ್ ತಳಿಯ ಹಣ್ಣನ್ನು ದ್ರಾವಣದಲ್ಲಿ ಅದ್ದಿ ನೆರಳುಪರದೆಯ ಶೆಡ್ಡುಗಳಲ್ಲಿ ಒಣಗಲು ಹಾಕುತ್ತಾರೆ, ಗಾಳಿಯಲ್ಲಿ ಸಿಹಿಯ ಜೊತೆ ಗಂಧಕದ ವಾಸನೆ. ಶೆಡ್ಡಿನವರು ಕೊಡುವ ಒಂದು ಹಿಡಿ ಒಣದ್ರಾಕ್ಷಿ ಜೇಬಿನಲ್ಲಿದ್ದರೆ ಪೇಟೆಯ ಎನರ್ಜಿ ಪುಡಿ ಯಾಕೆ ಬೇಕು?

ಎರಡು ಎಚ್ಚರಿಕೆ. ತೋಟದ ಸಾಲಿನ ಕೊನೆಯ ಕಂಬವನ್ನು ಎಳೆದು ಕಟ್ಟಿದ ತಂತಿ ಕೆಲವು ಕಡೆ ದಾರಿಯ ಅಂಚಿನವರೆಗೂ ಬಂದಿರುತ್ತದೆ, ಮಬ್ಬಿನಲ್ಲಿ ಕಾಣುವುದಿಲ್ಲ. ನನ್ನ ಎಡಭುಜದ ಮೇಲೆ ಅದರ ಗುರುತು ಇದೆ. ಇನ್ನೊಂದು ಎರೆಮಣ್ಣು. ಗರಸಿನ ಮಡ್ಡಿ ಮಳೆ ನಿಂತ ಎರಡು ತಾಸಿಗೆ ಓಡಿಸಲು ಬರುತ್ತದೆ, ಎರೆ ಮಾತ್ರ ಅರ್ಧ ತಾಸು ಮಳೆಗೇ ಚಕ್ರವನ್ನೂ ಫೋರ್ಕನ್ನೂ ಒಂದೇ ಮುದ್ದೆ ಮಾಡುತ್ತದೆ. ಒಮ್ಮೆ ಮೂರು ಕಿಲೋಮೀಟರ್ ಹೆಗಲ ಮೇಲೆ ಹೊತ್ತು ಬಂದೆ. 11.6 ಕಿಲೋ ತೂಕದ ಸೈಕಲ್, ಮಣ್ಣು ಸೇರಿ ಎಷ್ಟಾಗಿತ್ತೋ.

2022ರ ಡಿಸೆಂಬರಿನಲ್ಲಿ ಗಡಿ ತಂಟೆ ಏರಿ ಮಹಾರಾಷ್ಟ್ರ, ಕರ್ನಾಟಕದ ನಡುವಿನ ಬಸ್ಸುಗಳು ನಿಂತಿದ್ದಾಗ, ಬಂಡಿದಾರಿ ಹಿಡಿದು ಗಡಿಯಾಚೆಯ ತಂಗಿಯ ಊರಿಗೆ ಹೋಗಿ ಊಟ ಮಾಡಿ ಬಂದೆ. ಗಡಿ ಎಲ್ಲಿ ದಾಟಿದೆ ಎಂದು ನನಗೂ ತಿಳಿಯಲಿಲ್ಲ, ಎರಡೂ ಕಡೆ ಅದೇ ದ್ರಾಕ್ಷಿ, ಅದೇ ಮುಳ್ಳು.

ಮತ್ತೆ ಕೊಳ್ಳುತ್ತೀರಾ ಎಂದು ಕೇಳಿದರೆ, ಇದೇ ಚೌಕಟ್ಟನ್ನು ಕೊಳ್ಳುತ್ತೇನೆ, ಆದರೆ ಮೊದಲ ದಿನವೇ ಟ್ಯೂಬ್‌ಲೆಸ್ ಮಾಡಿಸಿ, 45 ಮಿಲಿಮೀಟರಿನ ಟಯರ್ ಹಾಕಿಸಿ. ಐದಕ್ಕೆ ಮೂರೂವರೆ ಅಂಕ. ರಿಪೇರಿ ಕಲಿಯುವ ಮನಸ್ಸಿಲ್ಲದವರಿಗೆ ಎರಡೇ. ಮಿಸ್ತ್ರಿ ಈಗ ಪ್ರತಿ ರವಿವಾರ ಬೆಳಿಗ್ಗೆ ಬಂದು ಒಂದು ಸುತ್ತು ಕೇಳುತ್ತಾನೆ. ಹೋದವನು ಒಂಬತ್ತಕ್ಕೆ ಮೊದಲು ಮರಳುವುದಿಲ್ಲ, ಹಾಗಾಗಿ ನನ್ನ ಓಡಾಟ ಶನಿವಾರಕ್ಕೆ ಸರಿದಿದೆ.